ಡೊನಾಟಿಯ: ಒಂದು ಜೌಗುನೆಲದ ಸಸ್ಯಜಾತಿಯ ವರ್ಗೀಕರಣದ ಇತಿಹಾಸ

ಸಸ್ಯಗಳ ವರ್ಗೀಕರಣವು ಸಸ್ಯಶಾಸ್ತ್ರಜ್ಞರಿಗೆ ಮೀಸಲಾದ ಕ್ಷೇತ್ರವೆಂದೂ, ಇತಿಹಾಸದ ಅಭ್ಯಾಸಿಗಳಿಗೆ ಅಲ್ಲಿ ಕೆಲಸವಿಲ್ಲವೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಒಂದು ಗಿಡವನ್ನು ಯಾವ ಕುಟುಂಬಕ್ಕೆ ಸೇರಿಸಬೇಕೆಂಬುದು ಸಹ ಒಂದು ಕಾಲದಲ್ಲಿ, ಒಂದು ಸ್ಥಳದಲ್ಲಿ, ಕೈಗೆ ದೊರೆತ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಮನುಷ್ಯರು ಕೈಗೊಂಡ ತೀರ್ಮಾನವೇ ಆಗಿದೆ. ಅಂತಹ ತೀರ್ಮಾನಗಳು ಇಸವಿಸಹಿತವಾಗಿ ಗ್ರಂಥಗಳಲ್ಲಿ ಉಳಿದುಬಂದಿವೆ. ಹೀಗಿರಲಾಗಿ ಅವುಗಳನ್ನು ಇತರ ದಾಖಲೆಗಳಂತೆಯೇ ಕಾಲಾನುಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಆಧಾರವನ್ನು ಪರೀಕ್ಷಿಸುವುದು ಇತಿಹಾಸಕಾರನ ಕರ್ತವ್ಯದ ಹೊರಗಿನ ವಿಷಯವೆನಿಸಲಾರದು.

ಈ ದೃಷ್ಟಿಯಿಂದ ನಾವು ಇಲ್ಲಿ ಡೊನಾಟಿಯ ಎಂಬ ಒಂದು ಚಿಕ್ಕ ಸಸ್ಯಜಾತಿಯನ್ನು ಆರಿಸಿಕೊಂಡಿದ್ದೇವೆ. ಈ ಲೇಖನದಲ್ಲಿ 'ಜಾತಿ' ಎಂಬುದು ನಿಕಟಸಂಬಂಧವುಳ್ಳ ಪ್ರಭೇದಗಳ ಗುಂಪಿಗೂ, 'ಕುಟುಂಬ' ಎಂಬುದು ಜಾತಿಗಳ ಗುಂಪಿಗೂ, 'ಗಣ' ಎಂಬುದು ಕುಟುಂಬಗಳ ಗುಂಪಿಗೂ ಸಲ್ಲುತ್ತವೆ. ಡೊನಾಟಿಯದಲ್ಲಿರುವುದು ಎರಡೇ ಪ್ರಭೇದಗಳು. ಆದರೂ ಕಳೆದ ಎರಡೂವರೆ ಶತಮಾನಗಳಲ್ಲಿ ಅದಕ್ಕೆ ಒಂದಕ್ಕೊಂದು ದೂರವಾದ ಹಲವು ಸ್ಥಾನಗಳು ದೊರೆತಿವೆ. ಈ ಸ್ಥಾನಾಂತರಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವು ಹೊಸ ಸಂಗತಿ ಗೊತ್ತಾದುದರಿಂದ ಆದವು. ಮತ್ತೆ ಕೆಲವು ಗೊತ್ತಿದ್ದ ಸಂಗತಿಯನ್ನು ಹೇಗೆ ಹೆಸರಿಸಬೇಕೆಂಬ ಒಪ್ಪಂದ ಬದಲಾದುದರಿಂದ ಆದವು. ಈ ಎರಡನ್ನೂ ಬೇರ್ಪಡಿಸಿ ತೋರಿಸುವುದೇ ನಮ್ಮ ಉದ್ದೇಶ.

ಮೊದಲು ಸಸ್ಯದ ಪರಿಚಯ. ದಕ್ಷಿಣ ಅಮೆರಿಕ ಖಂಡದ ತುದಿಯಲ್ಲಿ, ಚಿಲಿ ದೇಶದ ನೈಋತ್ಯ ಕರಾವಳಿಯಿಂದ ಟಿಯೆರಾ ಡೆಲ್ ಫ್ಯೂಗೊ ದ್ವೀಪಗಳವರೆಗೆ, ಸದಾ ಮಳೆಗಾಳಿಗೆ ಮೈಯೊಡ್ಡಿದ ಜೌಗುಭೂಮಿಯೊಂದು ಹಬ್ಬಿದೆ. ಇದನ್ನು ಮೆಗಲನ್ ಜೌಗುಪ್ರದೇಶವೆಂದು ಕರೆಯುವುದು ರೂಢಿ. ಚಳಿ ಮತ್ತು ತೇವದ ದೆಸೆಯಿಂದ ಸತ್ತ ಎಲೆಬೇರುಗಳು ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಕೂಡಿಕೊಂಡು ಪೀಟ್ ಎಂಬ ಕಪ್ಪು ಸಸ್ಯರಾಶಿಯಾಗುತ್ತವೆ. ಇಂತಹ ನೆಲದಲ್ಲಿ ಡೊನಾಟಿಯ ಫ್ಯಾಸಿಕ್ಯುಲಾರಿಸ್ ಬೆಳೆಯುತ್ತದೆ. ಗಿಡ್ಡನೆಯ ಕಾಂಡಗಳು ಒತ್ತೊತ್ತಾಗಿ ಒಂದೇ ಎತ್ತರಕ್ಕೆ ಬೆಳೆಯುವುದರಿಂದ ಇಡೀ ಗಿಡವು ನೆಲಕ್ಕೆ ಅಂಟಿಕೊಂಡ ಗಟ್ಟಿಯಾದ ದಿಂಬಿನಂತೆ ಕಾಣುತ್ತದೆ. ಎಲೆಗಳು ಚಿಕ್ಕವು, ಕಿರಿದಾದವು, ದಪ್ಪನಾದವು. ಕೊಂಬೆಯ ತುದಿಗಳಲ್ಲಿ ಒಂಟಿಯಾಗಿ, ತೊಟ್ಟಿಲ್ಲದ ಬಿಳಿಯ ಹೂಗಳು ಬಿಡುತ್ತವೆ. ಇದರ ಸೋದರ ಪ್ರಭೇದವಾದ ಡೊನಾಟಿಯ ನೋವೆ-ಜೀಲಾಂಡಿಯೆ ಸಾಗರದ ಆಚೆಯ ನ್ಯೂಜೀಲೆಂಡಿನಲ್ಲೂ ಟಾಸ್ಮೇನಿಯದಲ್ಲೂ ಇದೆ.

ಯೂರೋಪಿನ ವಿದ್ವತ್ತಿನ ದೃಷ್ಟಿಗೆ ಈ ಗಿಡ ಬಿದ್ದುದು ಕ್ಯಾಪ್ಟನ್ ಜೇಮ್ಸ್ ಕುಕ್ಕನ ಎರಡನೆಯ ನೌಕಾಯಾತ್ರೆಯಲ್ಲಿ. 1772ರಿಂದ 1775ರವರೆಗೆ ನಡೆದ ಈ ಯಾತ್ರೆಯಲ್ಲಿ ರೆಸಲ್ಯೂಷನ್ ಹಡಗಿನ ನಿಸರ್ಗಶಾಸ್ತ್ರಜ್ಞನಾಗಿ ಯೋಹಾನ್ ರೈನ್‌ಹೋಲ್ಡ್ ಫಾರ್ಸ್ಟರನೂ, ಸಹಾಯಕನಾಗಿ ಅವನ ಮಗ ಗಿಯೋರ್ಗ್ ಫಾರ್ಸ್ಟರನೂ ಇದ್ದರು. 1774ರ ಡಿಸೆಂಬರಿನಲ್ಲಿ ಹಡಗು ಟಿಯೆರಾ ಡೆಲ್ ಫ್ಯೂಗೊ ತೀರದ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿತು. ಕ್ರಿಸ್ಮಸ್ ಹಬ್ಬವನ್ನು ಅಲ್ಲಿಯೇ ಕಳೆದುದರಿಂದ ಕುಕ್ಕನು ಆ ಸ್ಥಳಕ್ಕೆ ಕ್ರಿಸ್ಮಸ್ ಸೌಂಡ್ ಎಂದು ಹೆಸರಿಟ್ಟನು. ಯಾತ್ರೆಯಿಂದ ಮರಳಿದ ಕೂಡಲೇ ತಂದೆಮಕ್ಕಳಿಬ್ಬರೂ ದಕ್ಷಿಣಸಮುದ್ರದ ಹೊಸ ಸಸ್ಯಜಾತಿಗಳನ್ನು ಕುರಿತ ಲ್ಯಾಟಿನ್ ಗ್ರಂಥವೊಂದನ್ನು 1775-76ರಲ್ಲಿ ಹೊರತಂದರು. ಡೊನಾಟಿಯ ಎಂಬ ಹೆಸರು ಮೊದಲು ಅಚ್ಚಾದುದು ಅದರಲ್ಲಿ. ಅದೇ ಪ್ರದೇಶದ, ಅದೇ ರೀತಿ ದಿಂಬಿನಂತೆ ಬೆಳೆಯುವ ಫಿಲ್ಲಾಕ್ನೆ ಎಂಬ ಮತ್ತೊಂದು ಜಾತಿಯೂ ಅದೇ ಗ್ರಂಥದಲ್ಲಿ ಬಂದಿತು. ಈ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಒಂದೇ ಪುಸ್ತಕದಲ್ಲಿ ಜೊತೆಯಾಗಿ ಹೊರಟ ಇವು ಮುಂದೆ ಬಹುಕಾಲ ಅಗಲಿದ್ದು, ಕೊನೆಗೆ ಮತ್ತೆ ಒಂದೆಡೆ ಸೇರಿದವು.

ಹೆಸರಿನ ವಿಚಾರವಾಗಿ ಒಂದು ಮಾತು ಹೇಳುವುದು ಅವಶ್ಯ. ಡೊನಾಟಿಯ ಎಂಬುದು ವಿಟಾಲಿಯಾನೊ ಡೊನಾಟಿ ಎಂಬ ಇಟಲಿಯ ವಿದ್ವಾಂಸನ ಸ್ಮರಣಾರ್ಥವಾಗಿ ಇಟ್ಟುದು. ಆತ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಏಡ್ರಿಯಾಟಿಕ್ ಸಮುದ್ರದ ಜೀವಿಗಳನ್ನು ಕುರಿತು 1750ರಲ್ಲಿ ಗ್ರಂಥ ಪ್ರಕಟಿಸಿದ್ದನು. 1759ರಲ್ಲಿ ಸಾರ್ಡೀನಿಯದ ದೊರೆಯ ಆಜ್ಞೆಯಂತೆ ಪೂರ್ವದೇಶಗಳ ಸಂಚಾರಕ್ಕೆ ಹೊರಟು, ಈಜಿಪ್ಟಿನಿಂದ ಕೆಲವು ಪ್ರಾಚೀನ ವಿಗ್ರಹಗಳನ್ನು ಟ್ಯೂರಿನ್ನಿಗೆ ಕಳುಹಿಸಿಕೊಟ್ಟನು. 1762ರಲ್ಲಿ ನಮ್ಮ ಮಂಗಳೂರಿನತ್ತ ಬರುತ್ತಿದ್ದ ಹಡಗಿನಲ್ಲಿಯೇ ಕಾಲವಶನಾದನು. ಆಗ ಮಂಗಳೂರು ಕೆಳದಿಯ ಅರಸರ ಅಧೀನದಲ್ಲಿತ್ತು. ಹೈದರಾಲಿಯು ಬಿದನೂರನ್ನು ಗೆದ್ದುದು ಅದರ ಮರುವರ್ಷ. ಹೀಗೆ ಮಂಗಳೂರನ್ನು ಮುಟ್ಟಲಾಗದೆ ಹೋದ ಒಬ್ಬ ಯಾತ್ರಿಕನ ಹೆಸರು, ಆತ ಎಂದೂ ಕಾಣದ ಭೂಖಂಡದ ತುದಿಯ ಒಂದು ಗಿಡಕ್ಕೆ ನಿಂತಿತು. ಆ ತೀರದಲ್ಲಿ ತಲೆತಲಾಂತರದಿಂದ ಬಾಳಿದ ಜನರ ಭಾಷೆಯ ಕುರುಹು ಈ ಶಾಸ್ತ್ರೀಯ ನಾಮದಲ್ಲಿ ಎಲ್ಲಿಯೂ ಇಲ್ಲ. ಹೆಸರು ಸಸ್ಯವನ್ನು ಗುರುತಿಸುವುದರ ಜೊತೆಗೆ, ಹೆಸರಿಡುವ ಅಧಿಕಾರ ಯಾರ ಕೈಯಲ್ಲಿತ್ತೆಂಬುದನ್ನೂ ದಾಖಲಿಸುತ್ತದೆ.

ಫಾರ್ಸ್ಟರರ ಕಾಲದಲ್ಲಿ ಪ್ರಚಲಿತವಾಗಿದ್ದುದು ಸ್ವೀಡನ್ನಿನ ಲಿನೇಯಸ್ಸನ ಪದ್ಧತಿ. ಹೂವಿನ ಕೇಸರಗಳನ್ನು ಎಣಿಸಿ ವರ್ಗವನ್ನೂ, ಶಲಾಕೆಗಳನ್ನು ಎಣಿಸಿ ಉಪವರ್ಗವನ್ನೂ ನಿರ್ಣಯಿಸುವುದು ಅದರ ಕ್ರಮ. ಡೊನಾಟಿಯ ಫ್ಯಾಸಿಕ್ಯುಲಾರಿಸ್ ಹೂವಿನಲ್ಲಿ ಮೂರು ಕೇಸರಗಳು, ಮೂರು ಶಲಾಕೆಗಳು ಇರುತ್ತವೆ. ನ್ಯೂಜೀಲೆಂಡಿನ ಪ್ರಭೇದದಲ್ಲಾದರೋ ಅವು ಎರಡೆರಡು. ಎಣಿಕೆಯನ್ನೇ ಕಟ್ಟುನಿಟ್ಟಾಗಿ ಅನುಸರಿಸಿದರೆ ಒಡಹುಟ್ಟಿದ ಈ ಎರಡು ಗಿಡಗಳೂ ಬೇರೆ ಬೇರೆ ವರ್ಗಗಳಿಗೆ ಸಲ್ಲಬೇಕಾಗುತ್ತದೆ. ಈ ಪದ್ಧತಿಯು ಕೃತಕವಾದುದು, ಸಸ್ಯಗಳನ್ನು ಹುಡುಕಿ ಗುರುತಿಸಲು ಅನುಕೂಲವಾದ ಸಾಧನಮಾತ್ರವೆಂಬುದು ಲಿನೇಯಸ್ಸನಿಗೇ ತಿಳಿದಿತ್ತು. ಆದಕಾರಣ ಅವನ ಅನಂತರದವರು ಸಸ್ಯದ ಅನೇಕ ಲಕ್ಷಣಗಳನ್ನು ಒಟ್ಟಾಗಿ ತೂಗಿ ನೋಡುವ ಸಹಜ ವರ್ಗೀಕರಣವನ್ನು ಅರಸತೊಡಗಿದರು.

ಈ ನಡುವೆ ಗಿಡವನ್ನು ಅದರ ನೆಲದಲ್ಲಿಯೇ ನೋಡಿದ ಇನ್ನೊಬ್ಬ ಯಾತ್ರಿಕನ ಸಾಕ್ಷ್ಯ ನಮಗೆ ಸಿಗುತ್ತದೆ. ಬೀಗಲ್ ಹಡಗಿನಲ್ಲಿ ಸಂಚರಿಸಿದ ಚಾರ್ಲ್ಸ್ ಡಾರ್ವಿನ್ನನು 1839ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ, ಟಿಯೆರಾ ಡೆಲ್ ಫ್ಯೂಗೊದ ಸಮತಟ್ಟಾದ ನೆಲವನ್ನೆಲ್ಲ ಆಸ್ಟೀಲಿಯ ಮತ್ತು ಡೊನಾಟಿಯ ಎಂಬ ಎರಡು ಗಿಡಗಳು ಆವರಿಸಿರುವುದನ್ನೂ, ಅವೆರಡೂ ಕೂಡಿ ಕೊಳೆತು ಪುಟಿಯುವಂತಹ ದಪ್ಪ ಪೀಟ್ ಪದರವಾಗುವುದನ್ನೂ ವಿವರಿಸಿದ್ದಾನೆ. ಯೂರೋಪಿನ ಜೌಗುಗಳಲ್ಲಿ ಪೀಟ್ ಉಂಟಾಗುವುದು ಬಹುಮಟ್ಟಿಗೆ ಹಾವಸೆಯ ಜಾತಿಯ ಸಸ್ಯಗಳಿಂದ. ಇಲ್ಲಿ ಆ ಕೆಲಸವನ್ನು ಹೂಬಿಡುವ ಗಿಡಗಳು ಮಾಡುತ್ತಿರುವುದು ಅವನ ಗಮನವನ್ನು ಸೆಳೆಯಿತು. ಡಾರ್ವಿನ್ನನ ಪುಸ್ತಕದಲ್ಲಿ ಗಿಡದ ಹೆಸರು ಡೊನಾಟಿಯ ಮೆಗಲನಿಕ ಎಂದಿದೆ. ಮೊದಲು ಅಚ್ಚಾದ ಹೆಸರಿಗೇ ಮನ್ನಣೆಯೆಂಬ ನಿಯಮದಂತೆ ಈಗ ಫ್ಯಾಸಿಕ್ಯುಲಾರಿಸ್ ಎಂಬುದು ನಿಂತಿದೆ. ಗಿಡ ಮಾತ್ರ ಒಂದೇ. ಹಳೆಯ ಗ್ರಂಥಗಳನ್ನು ಓದುವ ವಿದ್ಯಾರ್ಥಿಗೆ ಈ ತಿಳಿವಳಿಕೆಯಿಲ್ಲದಿದ್ದರೆ ಒಂದೇ ಗಿಡವು ಎರಡಾಗಿ ತೋರುವ ಅಪಾಯವುಂಟು.

ಡೊನಾಟಿಯಕ್ಕೆ ಅಧಿಕೃತವೆನಿಸಿದ ಸ್ಥಾನವನ್ನು ಕೊಟ್ಟವನು ಜೋಸೆಫ್ ಡಾಲ್ಟನ್ ಹೂಕರ್. ಈತನು 1839ರಿಂದ 1843ರವರೆಗೆ ಅಂಟಾರ್ಕ್ಟಿಕ್ ಯಾತ್ರೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದು, ಟಿಯೆರಾ ಡೆಲ್ ಫ್ಯೂಗೊ, ನ್ಯೂಜೀಲೆಂಡ್, ಟಾಸ್ಮೇನಿಯ ಈ ಮೂರು ಕಡೆಗಳ ಸಸ್ಯಸಂಪತ್ತನ್ನೂ ಬಲ್ಲವನಾಗಿದ್ದನು. ನ್ಯೂಜೀಲೆಂಡಿನ ಡೊನಾಟಿಯವನ್ನು ಪ್ರತ್ಯೇಕ ಪ್ರಭೇದವೆಂದು 1853ರಲ್ಲಿ ವರ್ಣಿಸಿದವನೂ ಅವನೇ. ಬೆಂಥಮ್ ಮತ್ತು ಹೂಕರರು ಸೇರಿ 1862ರಿಂದ 1883ರವರೆಗೆ ಪ್ರಕಟಿಸಿದ ಮಹಾಗ್ರಂಥವು ನಮ್ಮ ಕಾಲೇಜುಗಳ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ಚಿರಪರಿಚಿತ; ಭಾರತದ ಸಸ್ಯಸಂಗ್ರಹಾಲಯಗಳೂ ಪಠ್ಯಕ್ರಮಗಳೂ ಬಹುಕಾಲ ಅದನ್ನೇ ಅನುಸರಿಸಿದವು. ಆ ಗ್ರಂಥದಲ್ಲಿ ದ್ವಿದಳ ಸಸ್ಯಗಳನ್ನು ವಿಭಾಗಿಸುವಾಗ ಹೂವಿನ ದಳಗಳು ಬಿಡಿಯಾಗಿವೆಯೋ ಕೂಡಿಕೊಂಡಿವೆಯೋ ಎಂಬುದನ್ನು ಮುಖ್ಯವಾಗಿ ಪರಿಗಣಿಸಲಾಗಿದೆ. ಡೊನಾಟಿಯದ ದಳಗಳು ಬಿಡಿ. ಕೇಸರಗಳೂ ಶಲಾಕೆಗಳೂ ಬಿಡಿ. ಆದುದರಿಂದ ಅದು ಮೊದಲನೆಯ ಸಂಪುಟದಲ್ಲಿ ಸ್ಯಾಕ್ಸಿಫ್ರೇಜ್ ಕುಟುಂಬಕ್ಕೆ ಸೇರಿತು. ಫಿಲ್ಲಾಕ್ನೆಯ ದಳಗಳು ಬುಡದಲ್ಲಿ ಕೂಡಿಕೊಂಡು ನಳಿಗೆಯಾಗಿವೆ. ಆದುದರಿಂದ ಅದು ಎರಡನೆಯ ಸಂಪುಟದಲ್ಲಿ ಸ್ಟೈಲಿಡಿಯಮ್ ಕುಟುಂಬಕ್ಕೆ ಸೇರಿತು. ಒಂದೇ ಜೌಗಿನಲ್ಲಿ ಬೆಳೆಯುವ, ಹೂವಿಲ್ಲದಾಗ ಒಂದನ್ನೊಂದು ಹೋಲುವ ಎರಡು ದಿಂಬುಗಿಡಗಳ ನಡುವೆ ಹೀಗೆ ಇಡೀ ಒಂದು ಸಂಪುಟದ ಅಂತರವಾಯಿತು.

ಈ ತೀರ್ಮಾನವನ್ನು ಇಂದಿನ ತಿಳಿವಳಿಕೆಯಿಂದ ಹಗುರಾಗಿ ಕಾಣುವುದು ಸರಿಯಲ್ಲ. ಅನೇಕ ಕುಟುಂಬಗಳ ಗಿಡಗಳು ಕಠಿಣವಾದ ಹವೆಗೆ ಒಗ್ಗಿಕೊಂಡು ದಿಂಬಿನ ರೂಪವನ್ನು ತಾಳುತ್ತವೆ. ಕ್ಯಾರೆಟ್ಟಿನ ಕುಟುಂಬದ ಅಜೊರೆಲ್ಲ, ಸೂರ್ಯಕಾಂತಿ ಕುಟುಂಬದ ರವೂಲಿಯ, ಉತ್ತರಧ್ರುವದ ಬಳಿಯ ಸೈಲೀನ್ ಅಕಾಲಿಸ್ ಇವುಗಳೆಲ್ಲವೂ ದಿಂಬುಗಳೇ. ಆದರೆ ಪರಸ್ಪರ ದೂರದ ಸಂಬಂಧದವು. ಹೊರಗಿನ ಆಕಾರವನ್ನು ನಂಬದೆ ಹೂವನ್ನು ಆಶ್ರಯಿಸಬೇಕೆಂಬ ಹೂಕರನ ನಿಲುವು ಯುಕ್ತವಾದುದೇ. ತೊಡಕಿದ್ದುದು ಬೇರೆ ಕಡೆ. ಸ್ಯಾಕ್ಸಿಫ್ರೇಜ್ ಕುಟುಂಬದಲ್ಲಿ ಆಗ ಬೇರೆಲ್ಲಿಯೂ ನಿಲ್ಲದ ಬಿಡಿದಳದ ಜಾತಿಗಳು ಬಂದು ತುಂಬಿದ್ದವು. ನ್ಯೂಜೀಲೆಂಡಿನ ಸಸ್ಯಗಳ ಪಟ್ಟಿಯಲ್ಲಿ ಡೊನಾಟಿಯದ ಜೊತೆಗೆ ಅದೇ ಕುಟುಂಬದಲ್ಲಿ ಕುಳಿತಿದ್ದ ಕಾರ್ಪೊಡೀಟಸ್, ಕ್ವಿಂಟೀನಿಯ, ವೈನ್‌ಮಾನಿಯ ಎಂಬ ಜಾತಿಗಳು ಇಂದು ಮೂರು ಬೇರೆ ಬೇರೆ ಕುಟುಂಬಗಳಲ್ಲಿವೆ. ಒಂದು ಲಕ್ಷಣ ಇಲ್ಲವೆಂಬುದನ್ನೇ ಆಧಾರವಾಗಿಟ್ಟುಕೊಂಡು ಕಟ್ಟಿದ ಗುಂಪು ಬಹುಕಾಲ ಬಾಳಲಾರದೆಂಬುದಕ್ಕೆ ಇದು ನಿದರ್ಶನ.

ಸ್ಥಾನಪಲ್ಲಟವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒದಗಿತು. ಜರ್ಮನಿಯ ಮಿಲ್ಡ್‌ಬ್ರೇಡ್ ಎಂಬ ವಿದ್ವಾಂಸನು 1908ರಲ್ಲಿ ಸ್ಟೈಲಿಡಿಯಮ್ ಕುಟುಂಬವನ್ನು ಸಮಗ್ರವಾಗಿ ಪರಿಶೀಲಿಸಿ, ಡೊನಾಟಿಯವನ್ನು ಅದರೊಳಗೆ ತಂದು, ಪ್ರತ್ಯೇಕ ಉಪಕುಟುಂಬದಲ್ಲಿರಿಸಿದನು. ಇದರ ಮಹತ್ವವನ್ನು ತಿಳಿಯಲು ಆ ಕುಟುಂಬದ ವೈಶಿಷ್ಟ್ಯವನ್ನು ಗಮನಿಸಬೇಕು. ಸ್ಟೈಲಿಡಿಯಮ್ ಜಾತಿಯ ಹೂಗಳಲ್ಲಿ ಕೇಸರಗಳೂ ಶಲಾಕೆಯೂ ಬೆಸೆದುಕೊಂಡು ಒಂದೇ ಕಂಬವಾಗಿರುತ್ತವೆ. ಕೀಟವು ತಗುಲಿದೊಡನೆ ಆ ಕಂಬವು ಕ್ಷಣಾರ್ಧದಲ್ಲಿ ಚಿಮ್ಮಿ ಅದರ ಮೈಗೆ ಪರಾಗವನ್ನು ಬಳಿಯುತ್ತದೆ. ಇವು ಬಹುತೇಕ ಆಸ್ಟ್ರೇಲಿಯದವು. ಫಿಲ್ಲಾಕ್ನೆಯಲ್ಲೂ, ಅದರ ನೆಂಟನಾಗಿ ಫಾರ್ಸ್ಟರರ ಹೆಸರನ್ನೇ ಹೊತ್ತ ಫಾರ್ಸ್ಟೆರ ಜಾತಿಯಲ್ಲೂ ಕಂಬವುಂಟು, ಆದರೆ ಅದು ಚಿಮ್ಮುವುದಿಲ್ಲ. ಡೊನಾಟಿಯದಲ್ಲಿ ಕಂಬವೇ ಇಲ್ಲ. ಆದರೂ ಅಂಡಾಶಯವು ದಳಗಳ ಕೆಳಗಿರುವುದು, ಕೇಸರಗಳು ಎರಡು ಮೂರಕ್ಕೆ ಇಳಿದು ಹೂವಿನ ನಡುವೆ ಶಲಾಕೆಗಳಿಗೆ ಒತ್ತಿಕೊಂಡು ನಿಂತಿರುವುದು ಮುಂತಾದ ಲಕ್ಷಣಗಳನ್ನು ನೋಡಿದರೆ ಅದು ಆ ಕುಟುಂಬದ ಬಾಗಿಲಲ್ಲಿಯೇ ಇರುವಂತೆ ತೋರುತ್ತದೆ.

ಒಳಗೆ ಕರೆಯಬೇಕೆ, ಬಾಗಿಲ ಹೊರಗೇ ನಿಲ್ಲಿಸಬೇಕೆ ಎಂಬ ವಿಷಯದಲ್ಲಿ ಮುಂದೆ ಭಿನ್ನಾಭಿಪ್ರಾಯ ತಲೆದೋರಿತು. ಎಡಿನ್‌ಬರೋದ ಬರ್ತಾ ಚಾಂಡ್ಲರ್ ಎಂಬ ಮಹಿಳೆ 1911ರಲ್ಲಿ ಡೊನಾಟಿಯಕ್ಕೆ ತನ್ನದೇ ಆದ ಕುಟುಂಬವನ್ನು ಕಲ್ಪಿಸಿದಳು. ಅಂದಿನಿಂದ ಡೊನಾಟಿಯೇಸಿ ಎಂಬ ಕುಟುಂಬನಾಮವು ಆಕೆಯ ಹೆಸರಿನೊಂದಿಗೇ ಉಲ್ಲೇಖಗೊಳ್ಳುತ್ತ ಬಂದಿದೆ. ನ್ಯೂಜೀಲೆಂಡಿನಲ್ಲಿ 1953ರಲ್ಲಿ ಈ ಜಾತಿಗಳ ಎಲೆಕಾಂಡಗಳ ಒಳರಚನೆಯನ್ನು ಹೋಲಿಸಿದ ಅಧ್ಯಯನವೂ, ಆಸ್ಟ್ರೇಲಿಯದಲ್ಲಿ 1960ರಲ್ಲಿ ಕೆರೋಲಿನ್ ನಡೆಸಿದ ಹೂವಿನ ರಚನೆಯ ಅಧ್ಯಯನವೂ ಈ ಚರ್ಚೆಯನ್ನು ಮುಂದುವರಿಸಿದವು. ಅಮೆರಿಕದ ಕ್ರಾಂಕ್ವಿಸ್ಟನು 1981ರ ತನ್ನ ಗ್ರಂಥದಲ್ಲಿ ಡೊನಾಟಿಯೇಸಿಯನ್ನು ಬೇರೆಯಾಗಿಯೇ ಉಳಿಸಿ, ಸ್ಟೈಲಿಡಿಯಮ್ ಕುಟುಂಬದೊಡನೆ ಒಂದೇ ಗಣದಲ್ಲಿರಿಸಿದನು. ಇಷ್ಟು ಹೊತ್ತಿಗೆ ಸ್ಯಾಕ್ಸಿಫ್ರೇಜ್ ಸಂಬಂಧದ ವಾದವು ಹಿಂದೆ ಬಿದ್ದಿತ್ತು. ಉಳಿದ ವಿವಾದವು ನೆರೆಮನೆಯೋ ಒಂದೇ ಮನೆಯೋ ಎಂಬಷ್ಟಕ್ಕೆ ಸೀಮಿತವಾಗಿತ್ತು.

1990ರ ದಶಕದಲ್ಲಿ ಹೊಸ ಬಗೆಯ ಸಾಕ್ಷ್ಯ ಬಂದಿತು. ಸಸ್ಯಕೋಶಗಳ ಹರಿತ್ಕಣಗಳಲ್ಲಿರುವ ಜೀನುಗಳ ರಚನೆಯನ್ನು ಓದಿ, ಅವುಗಳ ಹೋಲಿಕೆ-ವ್ಯತ್ಯಾಸಗಳಿಂದ ವಂಶವೃಕ್ಷವನ್ನು ರಚಿಸುವ ವಿಧಾನವದು. ಈ ಸಾಕ್ಷ್ಯದಂತೆ ಡೊನಾಟಿಯವು ಸ್ಟೈಲಿಡಿಯಮ್ ಕುಟುಂಬದ ಉಳಿದೆಲ್ಲ ಜಾತಿಗಳಿಗೆ ಸೋದರಶಾಖೆ; ಎರಡೂ ಸೂರ್ಯಕಾಂತಿಯ ಗಣಕ್ಕೆ ಸೇರಿದವು. ಅಂದರೆ ಇವೆರಡಕ್ಕೂ ಸಮಾನ ಪೂರ್ವಜವಿದ್ದು, ಕೇಸರ-ಶಲಾಕೆಗಳು ಬೆಸೆದು ಕಂಬವಾದುದು ಡೊನಾಟಿಯದ ಶಾಖೆ ಅಗಲಿದ ಮೇಲೆ ಎಂದು ಊಹಿಸಲು ಅವಕಾಶವಿದೆ. ಇದೇ ಅಧ್ಯಯನಗಳಿಂದ ಇನ್ನೊಂದು ಸ್ವಾರಸ್ಯವೂ ಹೊರಬಿತ್ತು. ಚಿಕ್ಕ ಸರಳ ಹೂವಿನ ಕಾರಣದಿಂದ ಪ್ರತ್ಯೇಕ ಜಾತಿಯೆನಿಸಿದ್ದ ನ್ಯೂಜೀಲೆಂಡಿನ ಓರಿಯೊಸ್ಟೈಲಿಡಿಯಮ್ ನಿಜವಾಗಿ ಚಿಮ್ಮುಕಂಬದ ಸ್ಟೈಲಿಡಿಯಮ್‌ಗಳ ನಡುವಿನಿಂದಲೇ ಬಂದುದೆಂದು ತಿಳಿಯಿತು. 2002ರ ಸಂಶೋಧನೆಯೂ ಇದನ್ನು ಬೆಂಬಲಿಸಿತು. ಹೂವೂ ಕೆಲವೊಮ್ಮೆ ಮೂಲವನ್ನು ಮರೆಮಾಡಬಲ್ಲುದು.

ಇದರ ಮುಂದಿನ ಅಧ್ಯಾಯ ನಮ್ಮ ವಾದಕ್ಕೆ ಅತ್ಯಂತ ಮುಖ್ಯವಾದುದು. ಆವೃತಬೀಜ ಸಸ್ಯಗಳ ವಂಶಾನುಗತ ವರ್ಗೀಕರಣಕ್ಕಾಗಿ ಅನೇಕ ದೇಶಗಳ ವಿದ್ವಾಂಸರು ಕೂಡಿ ರಚಿಸಿಕೊಂಡ ಮಂಡಲಿಯು 1998ರಲ್ಲಿ ತನ್ನ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಡೊನಾಟಿಯೇಸಿ ಸ್ವತಂತ್ರ ಕುಟುಂಬ. 2003ರ ಪಟ್ಟಿಯಲ್ಲಿ ಅದನ್ನು ಸ್ಟೈಲಿಡಿಯೇಸಿಯೊಳಗೆ ಸೇರಿಸಬಹುದು ಅಥವಾ ಬೇರೆಯಾಗಿ ಇಟ್ಟುಕೊಳ್ಳಬಹುದು ಎಂಬ ಆಯ್ಕೆಯನ್ನು ನೀಡಲಾಯಿತು. 2009ರ ಪಟ್ಟಿಯಲ್ಲಿ ಆಯ್ಕೆಯನ್ನು ತೆಗೆದುಹಾಕಿ ಡೊನಾಟಿಯವನ್ನು ಸ್ಟೈಲಿಡಿಯೇಸಿಯಲ್ಲಿ ಲೀನಗೊಳಿಸಲಾಯಿತು; 2016ರ ಪಟ್ಟಿಯಲ್ಲೂ ಹಾಗೆಯೇ ಉಳಿಯಿತು. ಹನ್ನೊಂದು ವರ್ಷಗಳಲ್ಲಿ ಮೂರು ಬಗೆಯ ಉತ್ತರಗಳು! ಆದರೆ ಈ ಅವಧಿಯಲ್ಲಿ ಗಿಡದ ನಂಟಸ್ತಿಕೆಯ ಬಗೆಗಿನ ತಿಳಿವಳಿಕೆಯು ತಲೆಕೆಳಗಾಗಲಿಲ್ಲ. ಎರಡು ಶಾಖೆಗಳು ಸೋದರಿಗಳೆಂಬ ಅಂಶವು ಮೂರು ಉತ್ತರಗಳಿಗೂ ಒಪ್ಪುತ್ತದೆ. ಬದಲಾದುದು ಸೋದರಶಾಖೆಗಳೆರಡಕ್ಕೂ ಒಂದೇ ಕುಟುಂಬನಾಮ ಸಾಕೇ ಎಂಬ ವ್ಯವಸ್ಥೆಯ ಪ್ರಶ್ನೆ. ಎರಡೇ ಪ್ರಭೇದಗಳಿಗಾಗಿ ಒಂದು ಕುಟುಂಬವನ್ನು ಕಾಪಾಡಿಕೊಂಡು ಬರುವುದರಿಂದ ವಿದ್ಯಾರ್ಥಿಗೆ ಹೊರೆಯೇ ಹೊರತು ಲಾಭವಿಲ್ಲವೆಂದು ಒಂದು ಪಕ್ಷ ಹೇಳಬಹುದು. ಕಂಬವುಳ್ಳುದನ್ನೂ ಇಲ್ಲದುದನ್ನೂ ಕೂಡಿಸಿದರೆ ಕುಟುಂಬದ ಲಕ್ಷಣವೇ ಮಸುಕಾಗುವುದೆಂದು ಇನ್ನೊಂದು ಪಕ್ಷ ಹೇಳಬಹುದು. ಇವೆರಡರಲ್ಲಿ ಯಾವುದನ್ನೂ ಜೀನುಗಳು ನಿರ್ಣಯಿಸಲಾರವು.

ಈಗ ಎಲ್ಲ ಸ್ಥಾನಾಂತರಗಳನ್ನೂ ಒಟ್ಟಿಗೆ ನೋಡೋಣ. ಸ್ಯಾಕ್ಸಿಫ್ರೇಜ್ ಕುಟುಂಬದಿಂದ ಸ್ಟೈಲಿಡಿಯಮ್ ನೆರೆಗೆ ಬಂದುದು ಒಂದು ಶೋಧ. ಹಾಗೆ ಬರುವುದಕ್ಕೆ ಮುಂಚೆ ಇದ್ದ ಅಭಿಪ್ರಾಯವು ನಂಟಸ್ತಿಕೆಯ ವಿಷಯದಲ್ಲಿ ತಪ್ಪಾಗಿತ್ತು. ಅದನ್ನು ಸಾಕ್ಷ್ಯಬಲದಿಂದ ತಿದ್ದಲಾಯಿತು. 1911ರ ಪ್ರತ್ಯೇಕತೆಯೂ 2009ರ ವಿಲೀನವೂ ಬಹುಮಟ್ಟಿಗೆ ಒಪ್ಪಂದಗಳು. ಒಂದು ಮತ್ತೊಂದನ್ನು ಸುಳ್ಳುಮಾಡಲಿಲ್ಲ. ಇತಿಹಾಸದಲ್ಲಿ ಪ್ರಾಚೀನ ಯುಗವು ಎಲ್ಲಿ ಮುಗಿದು ಮಧ್ಯಯುಗವು ಎಲ್ಲಿ ಮೊದಲಾಯಿತೆಂದು ನಾವು ಗೆರೆಯೆಳೆಯುವುದು ಈ ಎರಡನೆಯ ಬಗೆಯದು. ಒಂದು ರಾಜ್ಯ ಯಾವ ವರ್ಷ ಅಳಿಯಿತೆಂಬುದು ಸಾಕ್ಷ್ಯದ ವಿಷಯ. ಆ ವರ್ಷವನ್ನು ಯುಗಾಂತ್ಯವೆಂದು ಕರೆಯಬೇಕೇ ಎಂಬುದು ಒಪ್ಪಂದದ ವಿಷಯ. ಇವೆರಡನ್ನೂ ಕಲಸಿದರೆ ಅನರ್ಥಗಳು ಎರಡು ಬಗೆಯಲ್ಲಿ ಉಂಟಾಗುತ್ತವೆ. ಪಠ್ಯಪುಸ್ತಕದ ಪಟ್ಟಿಯನ್ನು ನಿಸರ್ಗದ ಕಟ್ಟಳೆಯೆಂದು ಬಾಯಿಪಾಠ ಮಾಡುವುದು ಒಂದು. ಪಟ್ಟಿ ಪದೇ ಪದೇ ಬದಲಾಯಿತೆಂಬ ಕಾರಣದಿಂದ ಶಾಸ್ತ್ರವೆಲ್ಲವೂ ಮನಸ್ವಿಯಾದ ಅಭಿಪ್ರಾಯವೆಂದು ತಳ್ಳಿಹಾಕುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಹಾನಿಕರವೆಂದು ನಮ್ಮ ಅಭಿಪ್ರಾಯ.

ಒಂದು ಪುಟ್ಟ ಗಿಡದ ನಂಟಸ್ತಿಕೆಯಿಂದ ಏನಾಗಬೇಕೆಂದು ಕೇಳುವವರಿಗೆ ಭೂಗೋಳದ ಕಡೆಯಿಂದ ಉತ್ತರವಿದೆ. ನಡುವೆ ಮಹಾಸಾಗರವಿರುವ ಎರಡು ಭೂಭಾಗಗಳಲ್ಲಿ ಒಂದೇ ಜಾತಿ ಹೇಗೆ ನೆಲೆಸಿತು? ದಕ್ಷಿಣದ ದ್ವೀಪಗಳೂ ಖಂಡಗಳೂ ಹಿಂದೆ ಇದ್ದ ವಿಸ್ತಾರವಾದ ಭೂಮಿಯ ಅವಶೇಷಗಳಾಗಿರಬೇಕೆಂಬ ವಿಚಾರವನ್ನು ಹೂಕರನು 1853ರಲ್ಲಿಯೇ ಮಂಡಿಸಿದ್ದನು. ಡಾರ್ವಿನ್ನನಾದರೋ ಬೀಜಗಳು ಪ್ರವಾಹಗಳಿಂದಲೂ ತೇಲುವ ಹಿಮಗಡ್ಡೆಗಳಿಂದಲೂ ಸಾಗಿಬಂದಿರಬೇಕೆಂಬ ಪಕ್ಷಕ್ಕೆ ಒಲಿದನು. ಭೂಖಂಡಗಳು ಚಲಿಸುವುವೆಂಬುದು ಸ್ಥಿರಪಟ್ಟ ಮೇಲೂ ಈ ಪ್ರಶ್ನೆಯನ್ನು ಪ್ರತಿಯೊಂದು ಜಾತಿಯ ವಿಷಯದಲ್ಲೂ ಬೇರೆ ಬೇರೆಯಾಗಿ ವಿಚಾರಿಸಬೇಕಾಗಿದೆ. ವಿಚಾರಿಸುವ ಮುನ್ನ ಈ ಗಿಡ ಯಾರ ಬಂಧುವೆಂಬುದು ಗೊತ್ತಿರಬೇಕು. ಬಂಧುತ್ವವನ್ನೇ ತಪ್ಪಾಗಿ ತಿಳಿದರೆ ವಲಸೆಯ ಕಥೆಯೂ ತಪ್ಪಾಗುತ್ತದೆ. ಜೌಗುಭೂಮಿಯ ಪೋಷಣೆಗೆ ಸಂಬಂಧಿಸಿಯೂ ಈ ಗಿಡಕ್ಕೆ ಇಂದು ಗಮನ ಸಂದಿದೆ. ಪೆಟಗೋನಿಯದಲ್ಲಿ ಆಸ್ಟೀಲಿಯ-ಡೊನಾಟಿಯಗಳ ಬೇರುಗಳು ಪೀಟಿನ ಆಳಕ್ಕೆ ಆಮ್ಲಜನಕವನ್ನು ಒಯ್ಯುವುದರಿಂದ ಅಂತಹ ಜೌಗಿನಿಂದ ಮೀಥೇನ್ ಅನಿಲವು ಬಹುತೇಕ ಹೊರಬರುವುದಿಲ್ಲವೆಂಬ ಸಂಗತಿ 2011ರಲ್ಲಿ ಪ್ರಕಟವಾಯಿತು. ಡಾರ್ವಿನ್ನನು ಜೊತೆಯಾಗಿ ಕಂಡ ಆ ಎರಡು ಗಿಡಗಳೇ ಇವು.

ನಮ್ಮ ಗ್ರಂಥಾಲಯಗಳಲ್ಲಿ ಬೆಂಥಮ್-ಹೂಕರರ ಸಂಪುಟಗಳೂ, ಕ್ರಾಂಕ್ವಿಸ್ಟನ ಗ್ರಂಥವೂ, ಈಚಿನ ಪಟ್ಟಿಗಳೂ ಒಂದೇ ಕಪಾಟಿನಲ್ಲಿ ಇರಬಹುದು. ಅವುಗಳಲ್ಲಿ ಒಂದೇ ಗಿಡವು ಮೂರು ಕಡೆ ಸಿಕ್ಕಾಗ ವಿದ್ಯಾರ್ಥಿಯು ಗಾಬರಿಪಡಬೇಕಾಗಿಲ್ಲ. ಪ್ರತಿಯೊಂದು ಸ್ಥಾನದ ಮುಂದೆಯೂ ಅವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಈ ತೀರ್ಮಾನ ಯಾವ ವರ್ಷದ್ದು? ಆಗ ನೋಡಿದುದು ಗಿಡದ ಯಾವ ಅಂಗವನ್ನು? ಇಲ್ಲಿ ಹೇಳಿರುವುದು ನಂಟಸ್ತಿಕೆಯನ್ನೋ, ಹೆಸರಿನ ಏರ್ಪಾಡನ್ನೋ? ಮೊದಲ ಎರಡು ಪ್ರಶ್ನೆಗಳನ್ನು ಕೇಳುವುದಕ್ಕೆ ಇತಿಹಾಸದ ತರಗತಿಯ ಶಿಕ್ಷಣ ಸಾಕು. ಮೂರನೆಯದಕ್ಕೆ ಸಸ್ಯಶಾಸ್ತ್ರದ ಅಧ್ಯಾಪಕರ ನೆರವು ಬೇಕಾಗುತ್ತದೆ. ಎರಡು ವಿಭಾಗಗಳವರೂ ಇಂತಹ ವಿಷಯಗಳಲ್ಲಿ ಒಂದೆಡೆ ಕುಳಿತು ಪಾಠ ಹೇಳುವ ಏರ್ಪಾಡು ನಮ್ಮ ಕಾಲೇಜುಗಳಲ್ಲಿ ಆಗಬೇಕೆಂಬುದು ನಮ್ಮ ವಿಜ್ಞಾಪನೆ.